ಕೊಕ್ಕರೆಗೆ 48 ನಿಮಿಷ

ಶುಕ್ರವಾರ, 14 ನವೆಂಬರ್ 2025

ಇವತ್ತು ಮಕ್ಕಳ ದಿನಾಚರಣೆ. ನಾನು ನೋಡಿದರೆ ನನ್ನ ಮೂವರು ಹುಡುಗರಲ್ಲಿ ಒಬ್ಬನಿಗೆ ಅನ್ಯಾಯ ಮಾಡಿ ಕೂತಿದ್ದೇನೆ. ಗಾಬರಿ ಬೇಡ, ಮೂವರೂ ಬಜರ್‌ಬೀಟರ್ ಅನ್ನುವ, ಟೀಮ್ ನಡೆಸುವ ಆನ್‌ಲೈನ್ ಆಟದಲ್ಲಿರುವ ನನ್ನ ಬ್ಯಾಸ್ಕೆಟ್‌ಬಾಲ್ ಟೀಮಿನವರು.

ಈ ಸಲದ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, 18 ವರ್ಷದ ಇಬ್ಬರ ಮೇಲೆ ಕಣ್ಣಿತ್ತು. ಒಬ್ಬ ಈಗಲೇ ಚೆನ್ನಾಗಿ ಆಡುತ್ತಾನೆ, ಆದರೆ ಪೊಟೆನ್ಷಿಯಲ್, ಅಂದರೆ ಎಷ್ಟರವರೆಗೆ ಬೆಳೆಯಬಲ್ಲ ಅನ್ನುವ ಮಿತಿ, ‘ಬೆಂಚ್ ವಾರ್ಮರ್’. ‘ಅನೌನ್ಸರ್’ನಿಂದ ‘ಆಲ್‌ಟೈಮ್ ಗ್ರೇಟ್’ವರೆಗಿನ ಏಣಿಯಲ್ಲಿ ಕೆಳಗಿನಿಂದ ಎರಡನೇ ಮೆಟ್ಟಿಲು. ಎಷ್ಟು ತಿದ್ದಿದರೂ ಬೇಗ ನಿಂತುಬಿಡುತ್ತಾನೆ. ಮಾರಿಬಿಟ್ಟೆ. ಇನ್ನೊಬ್ಬ 211 ಸೆಂ.ಮೀ. ಎತ್ತರದ ಸೆಂಟರ್ (ಬುಟ್ಟಿಯ ಹತ್ತಿರ ಆಡುವವನು), ಪೊಟೆನ್ಷಿಯಲ್ ‘ಆಲ್‌ಸ್ಟಾರ್’. ಅಕ್ಕನ ಮಗ ಅವನಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದಾನೆ.

ಎತ್ತರದವರಿಗೆ ರಿಬೌಂಡು (ಬುಟ್ಟಿಗೆ ಬೀಳದೆ ಚಿಮ್ಮಿದ ಬಾಲ್ ಹಿಡಿಯುವುದು), ಒಳಗಿನ ಶಾಟು ಬೇಗ ಹತ್ತುತ್ತವೆ. ಪಾಸಿಂಗ್ ಮಾತ್ರ ಆಮೆ ನಡಿಗೆ. ವಯಸ್ಸಾದಷ್ಟೂ ಕಲಿಕೆ ಇನ್ನೂ ನಿಧಾನ. ಅದಕ್ಕೇ ಪಾಸಿಂಗನ್ನು ಈಗಲೇ ತುಂಬಬೇಕು. ತೊಂದರೆ ಏನಂದರೆ, ಪಾಸಿಂಗ್ ಟ್ರೇನಿಂಗ್ ಪೂರ್ತಿ ಸಿಗಬೇಕಾದರೆ ಅವನು, ಬಾಲ್ ಹಂಚಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಜಾಗದಲ್ಲೇ ಆಡಬೇಕು, ವಾರಕ್ಕೆ 48 ನಿಮಿಷ. ಅಂದರೆ ಪೂರ್ತಿ ಒಂದು ಪಂದ್ಯ. ಶನಿವಾರ, ಮಂಗಳವಾರ ಲೀಗ್, ಗುರುವಾರ ಫ್ರೆಂಡ್ಲಿ. ಮೂರು ಪಂದ್ಯ, ಮೂವರು ಹುಡುಗರು. ಲೆಕ್ಕ ಸರಿಹೋಯಿತು ಅಲ್ವಾ? ಸೋತರೂ ನಷ್ಟವಿಲ್ಲ ಅಂತ ಗುರುವಾರ ಕೊಕ್ಕರೆಯದು.

ಹೋದ ತಿಂಗಳು ಅವನ ಮೊದಲ ಪಂದ್ಯವನ್ನು ಅಕ್ಕನ ಮಗ ನನ್ನ ಪಕ್ಕದಲ್ಲೇ ಕೂತು ನೋಡಿದ್ದ. “ಮಾಮಾ, ಕೊಕ್ಕರೆ ಮತ್ತೆ ಬಾಲ್ ಬಿಟ್ಟ!” ಎರಡು ನಿಮಿಷಕ್ಕೊಮ್ಮೆ ಇದೇ. ಆಮೇಲೆ ಬೇಜಾರಾಗಿ ಎದ್ದು ಹೋದ.

ನಿನ್ನೆ ತುರುವೇಕೆರೆಯಲ್ಲಿ ಮದುವೆ. ಯಾರು ಎಲ್ಲಿ ಆಡಬೇಕು ಅನ್ನುವ ಲೈನ್‌ಅಪ್ ಹಾಕುವುದು ಊಟ ಆದಮೇಲೆ ಅಂದುಕೊಂಡೆ. ಊಟ ಆಯಿತು, ಎಲೆ ಅಡಿಕೆ ಆಯಿತು, ಮೊಬೈಲ್ ಕಾರಿನಲ್ಲೇ ಇತ್ತು. ಟೀಮು ತನ್ನ ಪಾಡಿಗೆ ಆಡಿತು. ಕೊಕ್ಕರೆ ಸೆಂಟರ್‌ನಲ್ಲಿ ನಿಂತು ರಾಶಿ ರಿಬೌಂಡ್ ಬಾಚಿದ, ಪಂದ್ಯವನ್ನೂ ಗೆದ್ದುಕೊಟ್ಟ. ಪಾಯಿಂಟ್ ಗಾರ್ಡ್ ನಿಮಿಷ: ಸೊನ್ನೆ. ಗೆದ್ದದ್ದಕ್ಕೆ ಇಷ್ಟು ಹೊಟ್ಟೆ ಉರಿದದ್ದು ಇದೇ ಮೊದಲು.

ಇವತ್ತು ಟ್ರೇನಿಂಗ್ ಫಲಿತಾಂಶ ಬಂತು. ಉಳಿದಿಬ್ಬರಲ್ಲಿ ಒಬ್ಬನ ಪಾಸಿಂಗ್ ಒಂದು ಹಂತ ಏರಿದೆ. ಇನ್ನೊಬ್ಬನದು ಏರಿಲ್ಲ, ಆದರೆ ಒಳಗೊಳಗೇ ಬೆಳೆದಿರಬೇಕು. ಆಟ ನಮಗೆ ಹಂತದ ಹೆಸರು ತೋರಿಸುತ್ತದೆ, ನಡುವಿನ ಚಿಲ್ಲರೆ ತೋರಿಸುವುದಿಲ್ಲ. ಕೊಕ್ಕರೆಯ ಸಾಲು ಹೋದ ವಾರ ಇದ್ದ ಹಾಗೇ ಇದೆ.

ಇನ್ನು ಗುರುವಾರವನ್ನು ನಂಬುವುದಿಲ್ಲ. ನಾಳೆಯ ಲೀಗ್ ಪಂದ್ಯಕ್ಕೇ ಅವನನ್ನು ಹಾಕಿದ್ದೇನೆ. ಪಾಯಿಂಟ್ ಗಾರ್ಡ್‌ಗೆ ಮೊದಲ ಆಯ್ಕೆ ಅವನೇ, ಬದಲಿಯೂ ಅವನೇ, ಅವನಿಗೆ ಬದಲಿಯೂ ಅವನೇ. ಎದುರಾಳಿ ಪಟ್ಟಿಯಲ್ಲಿ ನಮಗಿಂತ ಎರಡು ಸ್ಥಾನ ಮೇಲಿದ್ದಾರೆ. ಅಕ್ಕನ ಮಗನಿಗೆ ಹೇಳಿಲ್ಲ.