ಹರಾಜಿಗಿಟ್ಟ ನಾಣ್ಯ, ಇನ್‌ಬಾಕ್ಸ್ ವ್ಯಾಪಾರ

"ಸಾರ್, ಐದು ಸಾವಿರ ಕೊಡ್ತೀನಿ, ಹರಾಜು ನಿಲ್ಲಿಸಿ ನನಗೇ ಕೊಟ್ಬಿಡಿ."

ವಾಟ್ಸಾಪ್ ಗುಂಪಿನಲ್ಲಿ ಒಳ್ಳೆಯ ನಾಣ್ಯ ಹರಾಜಿಗಿಟ್ಟರೆ ಇಂಥ ಮೆಸೇಜು ಇನ್‌ಬಾಕ್ಸಿಗೆ, ಅಂದರೆ ಖಾಸಗಿಯಾಗಿ, ಬರುವುದು ಮಾಮೂಲು. ಒಪ್ಪುವ ಮುಂಚೆ ನೋಡಬೇಕಾದ್ದು ಒಂದೇ: ಬಿಡ್ (ಯಾರಾದರೂ ಕೂಗಿದ ಬೆಲೆ) ಬಿದ್ದಿದೆಯೇ? ಬಿದ್ದಿಲ್ಲವಾದರೆ 'ಈ ಲಾಟ್ ವಾಪಸ್' ಎಂದು (ಲಾಟ್ ಅಂದರೆ ಹರಾಜಿಗಿಟ್ಟ ಮಾಲು) ಗುಂಪಿನಲ್ಲೇ ಹಾಕಿ, ಆಮೇಲೆ ಮಾತಾಡಿ. ಬಿದ್ದಿದ್ದರೆ, ಅದು ಬರೀ ಮೂಲಬೆಲೆಯೇ ಆಗಿರಲಿ, ಮುಟ್ಟಬೇಡಿ. ಕೂಗಿದವರು ಆ ದುಡ್ಡು ಎತ್ತಿಟ್ಟುಕೊಂಡು ಬೇರೆ ಲಾಟ್ ಕೈಬಿಟ್ಟಿರುತ್ತಾರೆ. ಇಬೇ (eBay) ಎಂಬ ಆನ್‌ಲೈನ್ ಹರಾಜು ತಾಣದಲ್ಲಾದರೆ, ಬಿಡ್ ಬಿದ್ದು 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಬಿಡ್ ರದ್ದುಮಾಡಿ ಹರಾಜು ನಿಲ್ಲಿಸಲು ಆಗುವುದೇ ಇಲ್ಲ. ಅಲ್ಲಿನ ಮಾಲನ್ನು ಹೊರಗೆ ಕುದುರಿಸುವುದೂ ನಿಷಿದ್ಧ. ವಾಟ್ಸಾಪಿನಲ್ಲಿ ಅಂಥ ಬೀಗವಿಲ್ಲ, ಕೊಟ್ಟ ಮಾತಷ್ಟೇ.

ಮಾರುವವರಿಗೂ ಇದರಲ್ಲಿ ಲಾಭ ಕಡಿಮೆ. ಬಿಡ್ ಎರಡು ಸಾವಿರದಲ್ಲಿದ್ದಾಗ ಐದು ಸಾವಿರದ ಆಸೆ ತೋರಿಸುವವರು ಸಾಮಾನ್ಯವಾಗಿ ಅದರ ನಿಜ ಬೆಲೆ ಬಲ್ಲವರು. "ಅಷ್ಟು ಬಾಳುತ್ತೆ ಅನಿಸಿದರೆ ಅಲ್ಲೇ ಕೂಗಿ ಸಾರ್" ಎಂದರೆ ಸಾಕು.

ನಿಜವಾದ ಕಗ್ಗಂಟು ಗೆದ್ದವರು ಕೈಕೊಟ್ಟಾಗ. ಮೂರನೆಯವರು 3,000ಕ್ಕೆ ನಿಂತರು, ಎರಡನೆಯವರು 4,600, ಗೆದ್ದವರು 4,700, ಒಂದೊಂದು ಕೂಗಿಗೂ ಏರಿಕೆ 100 ಎಂದಿಟ್ಟುಕೊಳ್ಳಿ. ಗೆದ್ದವರು ನಾಪತ್ತೆ. ಮಾರುವವರು ಎರಡನೆಯವರನ್ನು ಇನ್‌ಬಾಕ್ಸಿನಲ್ಲಿ ಹಿಡಿದು 4,600 ಕೇಳುತ್ತಾರೆ. ಆದರೆ ಆ ನಾಪತ್ತೆಯಾದವರು ಇಲ್ಲದೇ ಇದ್ದಿದ್ದರೆ ಅದು 3,100ಕ್ಕೇ ಮುಗಿಯುತ್ತಿತ್ತು. ಮೇಲಿನ 1,500 ಸುಳ್ಳು ಪೈಪೋಟಿಯ ಬೆಲೆ. ಇಬೇಯ 'ಸೆಕೆಂಡ್ ಚಾನ್ಸ್ ಆಫರ್' ಕೂಡ ಸೋತವರ ಗರಿಷ್ಠ ಬಿಡ್ಡನ್ನೇ ಕೇಳುತ್ತದೆ, ಅದು ಅವರ ಪದ್ಧತಿ. ಇಲ್ಲಿ ಮಾತ್ರ, ಆ ಎರಡನೆಯವರು ನೀವಾಗಿದ್ದರೆ, 3,100ರಿಂದ ಮಾತು ಶುರುಮಾಡಿ, ಸಂಕೋಚ ಬೇಡ. ಒಬ್ಬರೇ ಮಾರಾಟಗಾರರಿಗೆ ಹೀಗೆ ಪದೇಪದೇ 'ಗೆದ್ದವರು ಕೈಕೊಡುತ್ತಿದ್ದರೆ' ಆ ಗೆದ್ದವರು ಅವರ ಕಡೆಯವರೇ ಇರಬಹುದು. ಅಡ್ಮಿನ್‌ಗೆ ತಿಳಿಸಿ.

ಮಾರಾಟವಾಗದೆ ಉಳಿದ ಲಾಟನ್ನು ಆಮೇಲೆ ಕೇಳುವುದರಲ್ಲಿ ತಪ್ಪಿಲ್ಲ. ಒಳಬೆಲೆ (ಮಾರುವವರು ಮನಸ್ಸಿನಲ್ಲಿಟ್ಟ ಕನಿಷ್ಠ ಬೆಲೆ) ಮುಟ್ಟದೆ ಉಳಿದಿದ್ದರೆ ಮೊದಲು ಅತಿ ಹೆಚ್ಚು ಕೂಗಿದವರನ್ನು ಕೇಳಿ. ಅಡ್ಮಿನ್ ಕಮಿಷನ್ ಒಪ್ಪಿಕೊಂಡಿದ್ದರೆ ಅದನ್ನೂ ಕೊಡಿ. ಗಿರಾಕಿ ಸಿಕ್ಕಿದ್ದು ಅವರ ಅಂಗಳದಲ್ಲೇ ತಾನೆ?

ಖಾಸಗಿ ವ್ಯಾಪಾರದಲ್ಲಿ ಹತ್ತು ಕಣ್ಣುಗಳ ಪರೀಕ್ಷೆ ತಪ್ಪಿಹೋಗುತ್ತದೆ. ಉದಾಹರಣೆಗೆ, ಆರನೇ ಜಾರ್ಜ್‌ನ 1939ರ ರೂಪಾಯಿ ಅಪರೂಪದ್ದು, ನಕಲಿಯೂ ಧಾರಾಳ. ಅಸಲಿಯ ತೂಕ 11.66 ಗ್ರಾಂ, ಅಂಚಿನಲ್ಲಿ ಸಾದಾ ಗೀರುಗಳು. ಅಂಚಿನ ನಡುವೆ ಸುತ್ತಲೂ ತೋಡು ಕಂಡರೆ ಅದು 1940ರ ಅಥವಾ ಆನಂತರದ ನಾಣ್ಯದ ಮೇಲೆ ಇಸವಿ ತಿದ್ದಿದ್ದು. ಆದ್ದರಿಂದ ಎರಡು ಮುಖದ ಜೊತೆ ಅಂಚಿನ ಫೋಟೋ, ತಕ್ಕಡಿಯ ಮೇಲಿಟ್ಟ ಫೋಟೋ, ಅಂದಿನ ತಾರೀಖು ಬರೆದ ಚೀಟಿಯ ಪಕ್ಕ ನಾಣ್ಯವಿಟ್ಟ ಫೋಟೋ ತರಿಸಿಕೊಂಡೇ ಯುಪಿಐ ಒತ್ತಿ. ವಾಪಸಾತಿಗೆ ಎಷ್ಟು ದಿನ ಎಂಬುದನ್ನೂ ಮೆಸೇಜಿನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಯಿತು.

ಅಮೆರಿಕದ ನೆಂಟರೊಬ್ಬರು ಟಿಪ್ಪುವಿನ ಆನೆ ಕಾಸಿಗೆ ಡಾಲರ್ ಲೆಕ್ಕದಲ್ಲಿ ಬೆಲೆ ಕಟ್ಟಿದರೂ ಅಂಚೆಗೆ ಹಾಕಬೇಡಿ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.