ಪೊರೆಯನ್ನು ಬೈಯುವ ಮೊದಲು ಕಂಡೆನ್ಸರ್ ನೋಡಿ

ಮಂಡ್ಯ ಸೀಮೆಯಲ್ಲಿ ಕಾಕಂಬಿಯಿಂದ ಸ್ಪಿರಿಟ್, ಅಂದರೆ ಎಥನಾಲ್, ತೆಗೆಯುವುದು ಹೊಸದಲ್ಲ. ಕಷ್ಟವಿರುವುದು ಕೊನೆಯ ನಾಲ್ಕೈದು ಶೇಕಡಾ ನೀರಿನಲ್ಲಿ. ಬಟ್ಟಿ ಇಳಿಸುವ ಕಾಲಮ್ ಎಷ್ಟೇ ಎತ್ತರವಿದ್ದರೂ ತೂಕದ ಲೆಕ್ಕದಲ್ಲಿ 95.6 ಶೇಕಡಾದ ಹತ್ತಿರ ಎಥನಾಲ್ ನಿಂತುಬಿಡುತ್ತದೆ. ಅಲ್ಲಿ ಆವಿಗೂ ದ್ರವಕ್ಕೂ ಒಂದೇ ಹದ. ಮಾಲಿಕ್ಯುಲರ್ ಸೀವ್, ಅಂದರೆ ನೀರು ಹೀರುವ ಕಾಳುಗಳ ಬೆಡ್, ಹಾಕಿದರೆ ಅದನ್ನು ಮತ್ತೆ ಒಣಗಿಸಲು ಸಿದ್ಧವಾದ ಎಥನಾಲ್‌ನಲ್ಲೇ ಒಂದು ಪಾಲು ಕಾಲಮ್‌ಗೆ ವಾಪಸ್ ಹೋಗಬೇಕು. ನೀರನ್ನಷ್ಟೇ ಆಚೆ ದಾಟಿಸುವ ಜಿಯೊಲೈಟ್ (ಸೂಕ್ಷ್ಮ ರಂಧ್ರಗಳ ಖನಿಜ) ಪೊರೆಗೆ ಆ ಬಾಬ್ತು ಇಲ್ಲ.

ಅಲ್ಯುಮಿನಾ ಕೊಳವೆಯ ಮೇಲೆ ಸೋಡಿಯಂ-ಎ ಜಿಯೊಲೈಟ್‌ನ ತೆಳು ಪದರ, ಅಷ್ಟೇ. ಅದರ ರಂಧ್ರ ಮಿಲಿಮೀಟರಿನ ಕೋಟಿಯಲ್ಲಿ ನಾಲ್ಕು ಪಾಲು, ಅಂದರೆ ಸುಮಾರು 4 ಆಂಗ್‌ಸ್ಟ್ರಾಮ್. ನೀರಿನ ಕಣ 2.7ರ ಆಸುಪಾಸು, ಎಥನಾಲ್ 4.4. ಜರಡಿಯ ಕೆಲಸ ಅರ್ಧ ಮಾತ್ರ. ಈ ಜಿಯೊಲೈಟ್‌ಗೆ ನೀರೆಂದರೆ ಪ್ರಾಣ, ರಂಧ್ರದ ತುಂಬ ನೀರೇ ಕೂತು ಎಥನಾಲ್‌ಗೆ ಜಾಗ ಬಿಡುವುದಿಲ್ಲ. ಜಪಾನಿನಲ್ಲಿ 2001ರ ಹೊತ್ತಿಗೇ ಇದು ಕಾರ್ಖಾನೆ ಮಟ್ಟಕ್ಕೆ ಬಂದಿತ್ತು: 16 ಮಾಡ್ಯೂಲ್ (ಕೊಳವೆಗಳ ಕಟ್ಟು), ಪ್ರತಿಯೊಂದರಲ್ಲಿ 125 ಕೊಳವೆ.

ಲೆಕ್ಕ ಹಾಕೋಣ. ಗಂಟೆಗೆ 1000 ಕೆಜಿ, 95 ಶೇಕಡಾ ಸ್ಪಿರಿಟ್ ಬರುತ್ತಿದೆ, 99.6 ಬೇಕು. ತೆಗೆಯಬೇಕಾದ ನೀರು ಸುಮಾರು 46 ಕೆಜಿ. ಸರಾಸರಿ ಚದರ ಮೀಟರ್‌ಗೆ ಗಂಟೆಗೆ 1 ಕೆಜಿ ಹಿಡಿದರೆ 46 ಚದರ ಮೀಟರ್ ಪೊರೆ. 12 ಮಿಮೀ ವ್ಯಾಸ, 80 ಸೆಂಮೀ ಉದ್ದದ ಕೊಳವೆಯಾದರೆ ಹದಿನೈದು ನೂರರ ಮೇಲೆ. ದ್ರವವನ್ನೇ ಹಾಯಿಸಿದರೆ ನೀರು ಆವಿಯಾಗಲು ಬೇಕಾದ ಶಾಖವೂ ಅದರಿಂದಲೇ ಹೋಗುತ್ತದೆ: ನಡುವೆ ಎಲ್ಲೂ ಕಾಯಿಸದಿದ್ದರೆ 35 ಡಿಗ್ರಿಯಷ್ಟು ತಣ್ಣಗಾಗಿ ಕೊನೆಯ ಮಾಡ್ಯೂಲ್‌ಗಳು ಸುಮ್ಮನೆ ಕೂರುತ್ತವೆ. ಹಾಗಾಗಿ ನಡುವೆ ಹೀಟರ್ ಬೇಕು, ಇಲ್ಲವೇ ಆವಿಯಾಗಿಯೇ ಕಳಿಸಬೇಕು.

ಈಗ ವ್ಯಾಕ್ಯೂಮ್. ಪೊರೆಯ ಆಚೆ ಪಂಪ್ ಒತ್ತಡ ಇಳಿಸುತ್ತದೆ, ದಾಟಿ ಬಂದ ಆವಿಯನ್ನು ಕಂಡೆನ್ಸರ್ ತಣಿಸಿ ನೀರಾಗಿಸುತ್ತದೆ. 100 ಡಿಗ್ರಿಯಲ್ಲಿ 99.6ರ ಎಥನಾಲ್ ಮೇಲೆ ನೀರಿನ ಆವಿಯ ಪಾಲು ಬರೀ 27 ಮಿಲಿಬಾರ್ ಆಸುಪಾಸು. ಪೊರೆಯ ಆಚೆ ಒತ್ತಡ ಅದಕ್ಕಿಂತ ಚೆನ್ನಾಗಿ ಕೆಳಗಿಲ್ಲದಿದ್ದರೆ ನೀರು ದಾಟುವುದೇ ಇಲ್ಲ. ಏಪ್ರಿಲ್‌ನಲ್ಲಿ ಮಂಡ್ಯದ ಕೂಲಿಂಗ್ ಟವರ್ ನೀರು 28–30 ಡಿಗ್ರಿ. 30 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡವೇ 42 ಮಿಲಿಬಾರ್, ಅಂದರೆ ಆ ನೀರಿನಿಂದ ತಣಿಸಿದ ಕಂಡೆನ್ಸರ್‌ನಲ್ಲಿ ಒತ್ತಡ 27ರ ಕೆಳಗೆ ಇಳಿಯುವುದಿಲ್ಲ. ಪಂಪ್ ಎಷ್ಟು ದೊಡ್ಡದಾದರೇನು, ಕಂಡೆನ್ಸರ್‌ನಲ್ಲಿ ಇಳಿಯದ ಆವಿಯೆಲ್ಲ ಅದರ ತಲೆ ಮೇಲೇ. 10 ಮಿಲಿಬಾರ್ ಬೇಕೆಂದರೆ ಆವಿ 7 ಡಿಗ್ರಿಯಲ್ಲಿ ನೀರಾಗಬೇಕು. ಮೇಲಿನ ಲೆಕ್ಕಕ್ಕೆ ಸುಮಾರು 9 ಟನ್ (ತಂಪು ಮಾಡುವ ಶಕ್ತಿಯ ಅಳತೆ, ತೂಕವಲ್ಲ) ಚಿಲ್ಲರ್, ನೀರು ಹೆಪ್ಪುಗಟ್ಟದಂತೆ ಗ್ಲೈಕಾಲ್ ಸಮೇತ. ಚಳಿಗಾಲದಲ್ಲಿ ಚೆನ್ನಾಗಿ ಓಡಿದ್ದು ಬೇಸಿಗೆಯಲ್ಲಿ 99.2ಕ್ಕೆ ನಿಂತರೆ ಪೊರೆ ಬದಲಿಸಲು ಹೊರಡಬೇಡಿ.

ಪೊರೆಯೇ ಕೆಟ್ಟಿದ್ದರೆ ಅದರ ಗುರುತು ಬೇರೆ. ಆಚೆ ಬರುವ ನೀರಿನಲ್ಲಿ ಸ್ಪಿರಿಟ್ ಹೆಚ್ಚುತ್ತದೆ, ಹೈಡ್ರೋಮೀಟರ್ ಬಿಟ್ಟರೆ ಗೊತ್ತಾಗುತ್ತದೆ. ಮಾಡ್ಯೂಲ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗಿ. ಯಾವುದನ್ನು ಮುಚ್ಚಿದಾಗ ಇಳಿಯಿತೋ ಅದರಲ್ಲೇ ಬಿರುಕು, ಅಥವಾ ಸೀಲ್ ಸಡಿಲ. ಬಿರುಕು ಹೆಚ್ಚಾಗಿ ಸ್ಟೀಮ್ ಗಡಿಬಿಡಿಯಲ್ಲಿ ಬಿಟ್ಟದ್ದರಿಂದ: ಜಿಯೊಲೈಟ್, ಅಲ್ಯುಮಿನಾ ಎರಡೂ ಬಿಸಿಗೆ ಒಂದೇ ಸಮ ಹಿಗ್ಗುವುದಿಲ್ಲ. ಇನ್ನೊಂದು ಶತ್ರು ಹುಳಿ. ಅಸಿಟಿಕ್ ಆಮ್ಲ ಈ ಜಿಯೊಲೈಟ್‌ನ ಅಲ್ಯುಮಿನಿಯಂ ಕಿತ್ತು ಪದರವನ್ನೇ ಕರಗಿಸುತ್ತದೆ. ಹುಳಿ ಮುರಿಯಲು ಕಾಸ್ಟಿಕ್ ಸೋಡಾ ಹಾಕುವುದಾದರೆ ಕಾಲಮ್‌ಗೆ ಹಾಕಿ, ಉಪ್ಪು ತಳದಲ್ಲೇ ಹೋಗಲಿ. ಪೊರೆಗೆ ಹೋಗುವ ಸ್ಪಿರಿಟ್‌ಗೇ ಹಾಕಿದರೆ ನೀರು ಕಮ್ಮಿಯಾದಂತೆ ಉಪ್ಪು ಕೊಳವೆಯ ಮೇಲೆ ಹೆಪ್ಪುಗಟ್ಟುತ್ತದೆ.