ದೊಡ್ಡಮ್ಮ ಜೋಡಿಸಿದ ಚೀಟಿಗಳು

ಜಾಲತಾಣ, ಆ್ಯಪ್‌ಗಳನ್ನು ಬಳಸುವವರಿಗೆ ಸುಲಭವಾಗುವಂತೆ ರೂಪಿಸುವ ಬಳಕೆದಾರರ ಅನುಭವ ವಿನ್ಯಾಸವನ್ನು ಕಲಿಯತೊಡಗಿದ ಮೊದಲ ತಿಂಗಳುಗಳಲ್ಲಿ ನನ್ನ ಗಮನವೆಲ್ಲ ಬಣ್ಣ, ಅಕ್ಷರ ಮತ್ತು ಬಟನ್‌ಗಳ ಅಂದದ ಮೇಲೆಯೇ ಇತ್ತು. ಮಾಹಿತಿಯನ್ನು ಹೇಗೆ ಗುಂಪು ಮಾಡಬೇಕು, ಗುಂಪಿಗೆ ಏನೆಂದು ಹೆಸರಿಡಬೇಕು, ಒಂದು ಪುಟದಿಂದ ಇನ್ನೊಂದಕ್ಕೆ ದಾರಿ ಎಲ್ಲಿರಬೇಕು, ಹುಡುಕಿದವರಿಗೆ ಏನು ಸಿಗಬೇಕು ಎಂಬುದನ್ನು ನಿರ್ಧರಿಸುವ ಇನ್ಫರ್ಮೇಶನ್ ಆರ್ಕಿಟೆಕ್ಚರ್ ನನಗೆ ಪರೀಕ್ಷೆಗಾಗಿ ಓದುವ ಒಣ ಅಧ್ಯಾಯವಾಗಿ ಕಂಡಿತ್ತು. ಆ ಅಭಿಪ್ರಾಯ ಬದಲಾದದ್ದು ಊರಿನ ಮನೆಯ ಜಗಲಿಯ ಮೇಲೆ.

ಅಭ್ಯಾಸಕ್ಕೆಂದು ಹಳ್ಳಿಯವರಿಗೆ ಬೇಕಾಗುವ ಸರ್ಕಾರಿ ಸೇವೆಗಳ ಮಾದರಿ ಜಾಲತಾಣವೊಂದನ್ನು ರೂಪಿಸುತ್ತಿದ್ದೆ. ಪಹಣಿ, ಪೋಡಿ (ಜಮೀನನ್ನು ಅಳೆದು ಭಾಗ ಮಾಡಿಸುವುದು), ಬೆಳೆ ವಿಮೆ, ಜಾತಿ ಪ್ರಮಾಣಪತ್ರ ಹೀಗೆ ಒಂದೊಂದು ಸೇವೆಯ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು, ಒಟ್ಟಿಗೆ ಇರಬೇಕೆನಿಸಿದ್ದನ್ನು ಒಟ್ಟಿಗಿಡಿ ಎಂದು ಮನೆಯವರನ್ನು ಕೇಳಿಕೊಂಡೆ. ಇದಕ್ಕೆ ಕಾರ್ಡ್ ಸಾರ್ಟಿಂಗ್ ಎನ್ನುತ್ತಾರೆ. ಗುಂಪುಗಳ ಹೆಸರನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ‘ಪ್ರಮಾಣಪತ್ರಗಳು’, ‘ಜಮೀನು’, ‘ಪಿಂಚಣಿ’ ಎಂಬ ವಿಭಾಗಗಳು ಆಗಲೇ ಸಿದ್ಧವಾಗಿದ್ದವು.

ದೊಡ್ಡಮ್ಮ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಧವಾ ವೇತನ ಎಂಬ ನಾಲ್ಕು ಚೀಟಿಗಳನ್ನು ಆರಿಸಿ, ಅಂಗೈಯಿಂದ ಒತ್ತಿ ಒಂದೇ ಕಟ್ಟು ಮಾಡಿದರು. “ಇವು ಒಂದೇ ಕಡೆ ಇರ್ಲಿ ಕಣಪ್ಪ. ನಿಮ್ಮ ದೊಡ್ಡಪ್ಪ ಹೋದಾಗ ಇವಿಷ್ಟಕ್ಕೂ ಅಲೆದಿದೀನಿ” ಎಂದರು. ನಾನು ಕಾಗದದ ಬಗೆಯನ್ನು ನೋಡಿ ವಿಂಗಡಿಸಿದ್ದೆ. ಅವರು ಆ ಕಾಗದ ಬೇಕಾಗಿ ಬರುವ ಹೊತ್ತನ್ನು ನೋಡಿ ಜೋಡಿಸಿದರು. ಗಂಡನನ್ನು ಕಳೆದುಕೊಂಡ ಹೆಂಗಸನ್ನು ಮೂರು ವಿಭಾಗಗಳಲ್ಲಿ ಹುಡುಕಾಡಿಸುವ ಮೆನು ನೋಡಲು ಎಷ್ಟೇ ಚೆನ್ನಾಗಿರಲಿ, ಅದು ಕೆಟ್ಟ ವಿನ್ಯಾಸವೆಂದೇ ನನ್ನ ಈಗಿನ ಅಭಿಪ್ರಾಯ.

ಹಾಗೆಂದು ವಂಶವೃಕ್ಷವನ್ನು ಪ್ರಮಾಣಪತ್ರಗಳ ನಡುವಿನಿಂದ ಕಿತ್ತುಹಾಕುವಂತಿಲ್ಲ, ಏಕೆಂದರೆ ಅದನ್ನು ಅಲ್ಲಿಯೇ ಹುಡುಕುವವರೂ ಇದ್ದಾರೆ. ಒಂದು ವಸ್ತುವಿಗೆ ಒಂದೇ ಜಾಗ ಸಾಲದಿರುವ ಈ ತೊಡಕು ವೆಬ್‌ಗಿಂತ ಹಳೆಯದು, ಗ್ರಂಥಾಲಯಗಳದ್ದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ, ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣವು ವಿಷಯವೊಂದನ್ನು ಒಂದೇ ಖಾನೆಗೆ ತಳ್ಳದೆ ಅದರ ಮುಖಗಳಾಗಿ ಬಿಡಿಸುತ್ತದೆ. ಮುಂದೆ ಅವರು ಈ ಮುಖಗಳನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳಡಿ ತಂದರು. ಇಂದು ಸೀರೆ ಮಾರುವ ತಾಣದಲ್ಲಿ ಬಣ್ಣ, ಬೆಲೆ, ನೂಲು ಎಂದು ಬೇಕಾದ ಕಡೆಯಿಂದ ಆರಿಸಿಕೊಳ್ಳುತ್ತೇವಲ್ಲ, ಅದರ ಹಿಂದಿರುವುದು ಇದೇ ವಿಚಾರ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, ಕೊನೆಯವರೆಗೂ ಇದೇ ನಗರದಲ್ಲಿದ್ದ ರಂಗನಾಥನ್ ಅವರ ಹೆಸರು ಇಲ್ಲಿನ ವಿನ್ಯಾಸಕಾರರ ಮಾತಿನಲ್ಲಿ ಇನ್ನಷ್ಟು ಕೇಳಿಬರಬೇಕಿತ್ತು.

ಆಮೇಲೆ ಟ್ರೀ ಟೆಸ್ಟಿಂಗ್ ಮಾಡಿದೆ. ಬಣ್ಣ, ಚಿತ್ರ ಏನೂ ಇಲ್ಲದೆ ಮೆನುವಿನ ಪದಗಳನ್ನಷ್ಟೇ ತೋರಿಸಿ, ಗದ್ದೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಎಲ್ಲಿ ಒತ್ತುತ್ತೀರಿ ಎಂದು ಕೇಳುವ ಪರೀಕ್ಷೆ ಅದು. ‘ಮ್ಯುಟೇಶನ್’ ಎಂಬ ಪದವನ್ನು ಯಾರೂ ಒತ್ತಲಿಲ್ಲ. ‘ಖಾತೆ ಬದಲಾವಣೆ’ ಎಂದು ಬರೆದ ಮೇಲೆ ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಪೋಡಿಯ ಚೀಟಿ ಮಾತ್ರ ಇನ್ನೂ ನೆಲೆ ಕಂಡಿಲ್ಲ: ಕೆಲವರು ಅದನ್ನು ಸರ್ವೆಯ ಜೊತೆಗಿಟ್ಟರು, ಕೆಲವರು ಅಣ್ಣತಮ್ಮಂದಿರ ಪಾಲುಪಟ್ಟಿಯ ಜೊತೆಗೆ. ಎರಡೂ ಕಡೆಯಿಂದ ದಾರಿ ಕೊಟ್ಟಿದ್ದೇನೆ. ಮುಂದಿನ ಸಲ ಊರಿಗೆ ಹೋದಾಗ ದೊಡ್ಡಮ್ಮನ ಮುಂದೆ ಇಡಬೇಕು.